ಬಸ್ಸು ನಿಲ್ಲಿಸಿದ ದನಿ

ಜನರ ಕಿವಿ ಪರೀಕ್ಷಿಸುವುದು ನನ್ನ ಕೆಲಸ. ಪುಣೆಯ ಪಶ್ಚಿಮ ಅಂಚಿನಲ್ಲಿ, ಹೈವೇ ದಾಟಿದ ಮೇಲೆ ಎರಡು ಗುಡ್ಡಗಳ ನಡುವೆ ಇಳಿಯುವ ಕಣಿವೆಯಲ್ಲಿ, ಔಷಧದಂಗಡಿಯೊಂದರ ಮಾಳಿಗೆಯ ಮೇಲೆ ನನ್ನ ಕ್ಲಿನಿಕ್ ಇದೆ. ಹೊರಗಿನ ಸದ್ದು ಒಳಬರದಂತೆ ಗೋಡೆಗೆಲ್ಲ ಸ್ಪಂಜು ಹೊದಿಸಿದ ಒಂದು ಗೂಡಿನಂಥ ಕೋಣೆಯಲ್ಲಿ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಬೇರೆ ಬೇರೆ ಸ್ವರಗಳನ್ನು ಕೇಳಿಸುತ್ತೇನೆ. ಕೇಳಿಸಿದ ಕೂಡಲೇ ಅವರು ಕೈ ಎತ್ತಬೇಕು. ನಾನು ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದವಳು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಮರಾಠಿ. ನಾನು ಬಂದಾಗ ಕಣಿವೆಯ ತುಂಬ ಪೇರಲ ತೋಟಗಳಿದ್ದವು. ಈಗ ಅಷ್ಟೂ ಕಡೆ ಅಪಾರ್ಟ್‌ಮೆಂಟ್ ಟವರುಗಳು.

ಕ್ಲಿನಿಕ್ ತೆರೆದ ಹೊಸದರಲ್ಲೇ ನನಗೆ ಒಂದು ಸಂಗತಿ ವಿಚಿತ್ರವಾಗಿ ಕಂಡಿತ್ತು. ಟವರುಗಳಲ್ಲಿರುವ ಮುದುಕರ ಕಿವುಡು ಒಬ್ಬೊಬ್ಬರದು ಒಂದೊಂದು ಬಗೆ. ಆದರೆ ಕಣಿವೆಯ ಹಳೆಯ ಊರಿನವರು ಬಂದರೆ, ಗಂಡಸಾಗಲಿ ಹೆಂಗಸಾಗಲಿ, ಪರೀಕ್ಷೆಯ ಕಾಗದದ ಮೇಲಿನ ಗೆರೆ ಎಲ್ಲರದ್ದೂ ಒಂದೇ ಜಾಗದಲ್ಲಿ ಕುಸಿಯುತ್ತಿತ್ತು. ಅದು ಬರೀ ವಯಸ್ಸಿನಿಂದ ಬರುವ ಕಿವುಡಲ್ಲ, ಭಾರೀ ಸಪ್ಪಳದ ಪಕ್ಕದಲ್ಲಿ ಬಾಳಿದವರ ಕಿವುಡು. ಒಬ್ಬ ಅಜ್ಜನನ್ನು, "ಕಾಕಾ, ಯಾವ ಕಾರಖಾನೆಯಲ್ಲಿ ಕೆಲಸಕ್ಕಿದ್ದಿರಿ?" ಎಂದು ಮರಾಠಿಯಲ್ಲಿ ಕೇಳಿದೆ. ಅವರು ನಕ್ಕು, ಕಿಟಕಿಯಾಚೆ ಎದ್ದು ನಿಂತಿದ್ದ ಟವರೊಂದನ್ನು ತೋರಿಸಿ, "ಖಾಣ್" ಎಂದರು. ಕಲ್ಲಿನ ಕ್ವಾರಿ. ಟವರಿನ ಹಿಂದೆ, ಗುಡ್ಡದ ಹೊಟ್ಟೆಯನ್ನು ಬಗೆದು ತೆಗೆದ ಆಳವಾದ ಹೊಂಡ ಇನ್ನೂ ಇದೆಯಂತೆ. ನಾನು ವರ್ಷಗಟ್ಟಲೆ ಅದರ ಮುಂದೆಯೇ ಓಡಾಡಿದ್ದೆ. ತಗಡಿನ ಬೇಲಿಯ ಹಿಂದೆ ಏನಿದೆ ಎಂದು ಕೇಳುವ ಪ್ರಸಂಗವೇ ಬಂದಿರಲಿಲ್ಲ.

ಆ ದಿನ ಸಂಜೆ ಚಹಾಕ್ಕೆ ಹೋದಾಗ ಈ ಮಾತನ್ನು ಹೋಟೆಲಿನ ಮಾಲೀಕರಿಗೆ ಹೇಳಿದೆ. ಅವರು ಕುಂದಾಪುರದ ಕಡೆಯವರು, ಇಲ್ಲಿಯೇ ಹುಟ್ಟಿ ಬೆಳೆದವರು. ಗಲ್ಲೆಯಿಂದ ಎದ್ದೇ ಬಂದುಬಿಟ್ಟರು.

"ಎಂತ ಹೇಳ್ತೀರಿ ಮೇಡಮ್! ನನ್ನ ಅಪ್ಪ ಈ ಕಣಿವೆಗೆ ಬಂದದ್ದೇ ಆ ಕ್ವಾರಿಯವರಿಗೆ ಚಾ ಮಾಡಿ ಕೊಡ್ಲಿಕ್ಕೆ. ತಗಡಿನ ಶೆಡ್ಡು, ಒಂದು ಸೀಮೆಎಣ್ಣೆ ಸ್ಟೋವು. ಮದ್ದು ಹಾರಿದ್ರೆ ಗ್ಲಾಸೆಲ್ಲ ಕುಣೀತಿತ್ತಂತೆ. ಇದನ್ನೆಲ್ಲ ಹೇಳುವವರು ಇನ್ನು ಎಷ್ಟು ಜನ ಉಳಿದಿದ್ದಾರೆ ಹೇಳಿ?"

ಅವರ ಆ ಪ್ರಶ್ನೆಯಿಂದಲೇ ನಮ್ಮ ಕೆಲಸ ಶುರುವಾಯಿತು. ಹೋಟೆಲಿನ ಮಹಡಿಯ ಹಾಲ್ ಸೋಮವಾರ ಮಧ್ಯಾಹ್ನ ಖಾಲಿ ಇರುತ್ತಿತ್ತು. ಅಲ್ಲಿ ಹಳೆಯ ಊರಿನವರನ್ನು ಒಬ್ಬೊಬ್ಬರನ್ನಾಗಿ ಕರೆದು, ಇಡ್ಲಿ ವಡೆ ಕೊಟ್ಟು, ಅವರ ನೆನಪುಗಳನ್ನು ಧ್ವನಿಮುದ್ರಿಸತೊಡಗಿದೆವು. ಎದುರಿಗಿದ್ದವರಿಗೆ ಸರಿಯಾಗಿ ಕೇಳಿಸುವ ಹಾಗೆ ಮಾತಾಡುವುದು ನನಗೆ ರೂಢಿ, ಹಾಗಾಗಿ ಪ್ರಶ್ನೆ ಕೇಳುವ ಕೆಲಸ ನನ್ನದು. ಫೋಟೋಗಳನ್ನು ಬೇಡಿ ತರುವುದು ಅವರದು.

ಎಂಥೆಂಥ ಜನರಿದ್ದರು ಈ ಕಣಿವೆಯಲ್ಲಿ! ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಹಾಲಿನ ಕ್ಯಾನುಗಳನ್ನು ಎಮ್ಮೆಯ ಬೆನ್ನಿಗೆ ಕಟ್ಟಿ, ತಾನು ಅದರ ಬಾಲ ಹಿಡಿದು ಈಜಿ, ಆಚೆ ದಡದ ಮನೆಗಳಿಗೆ ಹಾಲು ಮುಟ್ಟಿಸುತ್ತಿದ್ದ ಗೌಳಿ. ದೇವಸ್ಥಾನದ ಮುಂದಿನ ಗುಂಡುಕಲ್ಲನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು, ಹಾಗೆಯೇ ನಿಂತು ಆರತಿ ಮುಗಿಸುತ್ತಿದ್ದ ಪೂಜಾರಿ. ಅವರ ಮಕ್ಕಳು ಮೊಮ್ಮಕ್ಕಳು ಹೇಳುತ್ತಿದ್ದರೆ ನಾವಿಬ್ಬರೂ ಬಾಯಿ ತೆರೆದು ಕೇಳುತ್ತಿದ್ದೆವು.

ಆದರೆ ಯಾರ ಮಾತು ಎಲ್ಲಿಂದಲೇ ಶುರುವಾಗಲಿ, ನಡುವೆ ಎಲ್ಲೋ ಒಂದು ದನಿಯ ಪ್ರಸ್ತಾಪ ಬಂದೇ ಬರುತ್ತಿತ್ತು.

ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸುವುದಕ್ಕೆ ಇಲ್ಲಿ ಸುರುಂಗ ಎನ್ನುತ್ತಾರೆ. ಸುರುಂಗಕ್ಕೆ ಬೆಂಕಿ ಹಚ್ಚುವ ಮುಂಚೆ ಕ್ವಾರಿಯ ನೆತ್ತಿಯ ಮೇಲಿಂದ ಯಾರೋ ಕೂಗುತ್ತಿದ್ದರಂತೆ. ಆ ಕೂಗು ಕೇಳಿದರೆ ದನ ಕಾಯುವವರು ದನ ಹೊಡೆದುಕೊಂಡು ಸರಿಯುತ್ತಿದ್ದರು, ಬಟ್ಟೆ ಒಗೆಯುವ ಹೆಂಗಸರು ಬಂಡೆಯ ಮರೆಗೆ ಹೋಗುತ್ತಿದ್ದರು, ಶಾಲೆಯಲ್ಲಿ ಮಾಸ್ತರರು ಕಿಟಕಿ ಮುಚ್ಚಿಸುತ್ತಿದ್ದರು. ಒಬ್ಬರು ಅದು ಹೆಂಗಸಿನ ದನಿ ಎಂದರು. ಇನ್ನೊಬ್ಬರು, ಅಷ್ಟು ದೂರ ಹೋಗುವ ದನಿ ಗಂಡಸಿನದೇ ಎಂದು ವಾದಿಸಿದರು. ಪೇರಲ ತೋಟದ ಒಬ್ಬ ಅಜ್ಜಿಯಂತೂ, "ಮನುಷ್ಯರದಲ್ಲ, ಗುಡ್ಡದ ದೇವಿಯದು" ಎಂದು ಕೈ ಮುಗಿದಳು. ಕ್ವಾರಿಯ ಕೆಲಸದವರು ಗುಡ್ಡದ ಆ ಮಗ್ಗುಲಿಗೆ ಗುಡಿಸಲು ಹಾಕಿಕೊಂಡಿದ್ದರು. ಕ್ವಾರಿ ನಿಂತ ಮೇಲೆ ಯಾರು ಎಲ್ಲಿಗೆ ಹೋದರೋ ಊರಿಗೆ ತಿಳಿಯದು. ಕರ್ನಾಟಕದ ಕಡೆಯವರು ಎಂದಷ್ಟೇ ಎಲ್ಲರಿಗೂ ನೆನಪು.

ಆ ದನಿಯ ಬಗ್ಗೆ ಬೇರೆಲ್ಲರಿಗಿಂತ ಹೆಚ್ಚು ಹೇಳಿದವರು ಒಬ್ಬ ಬಸ್ ಡ್ರೈವರ್. ಕಣಿವೆಗೆ ಒಂದೇ ಕೆಂಪು ಬಸ್ಸು ಬರುತ್ತಿದ್ದ ಕಾಲದಲ್ಲಿ ಅದನ್ನು ಓಡಿಸಿದವರು. ಈಗ ಕೋಲು ಹಿಡಿದು, ಮಗಳ ತೋಳು ಹಿಡಿದು ನಡೆಯುತ್ತಾರೆ. ಮಹಡಿ ಹತ್ತಲಾರರೆಂದು ಅವರ ಮನೆಗೇ ಹೋದೆವು. ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು.

ಅಂದು ಪೇಟೆಯಲ್ಲಿ ಏನೋ ಮೆರವಣಿಗೆ ಇದ್ದದ್ದರಿಂದ ಬಸ್ಸು ಹೊರಡುವುದು ತಡವಾಗಿತ್ತು. ಸುರುಂಗದ ಹೊತ್ತಿಗೆ ಬಸ್ಸು ಎಂದೂ ಆ ರಸ್ತೆಯಲ್ಲಿ ಇರುತ್ತಿರಲಿಲ್ಲ, ಅಂದು ಇತ್ತು. ಸಂತೆ ಮುಗಿಸಿದವರಿಂದ ಬಸ್ಸು ತುಂಬಿತ್ತು. ಮುಂದಿನ ಸೀಟಿನಲ್ಲಿ ಅವರ ಹೆಂಡತಿ, ತುಂಬು ಬಸುರಿ, ಹೆರಿಗೆಗೆ ತವರಿಗೆ ಹೊರಟವಳು. ಕ್ವಾರಿಯ ಕೆಳಗಿನ ತಿರುವು ಇನ್ನೇನು ಬರಬೇಕು, ಆಗ ಆ ಕೂಗು ಕೇಳಿಸಿತು. ಅದು ಊರಲ್ಲಿ ದಿನವೂ ಕೇಳುತ್ತಿದ್ದ ಕೂಗಿನ ಹಾಗಿರಲಿಲ್ಲ. ಮಾತೇ ಇರಲಿಲ್ಲ ಅದರಲ್ಲಿ, ಬರೀ ದನಿ. ಬಸ್ಸಿನ ಎಂಜಿನ್ನು ಅಷ್ಟು ಗದ್ದಲ ಮಾಡುತ್ತಿದ್ದರೂ ಅದು ನೇರ ತಮ್ಮ ಎದೆಗೇ ಬಂದು ಬಡಿಯಿತು ಎಂದರು. ಬ್ರೇಕ್ ಒತ್ತಿದರು. ಬಸ್ಸು ನಿಂತಿತು. ಮರುಕ್ಷಣ ನೆಲ ನಡುಗಿ, ತಿರುವಿನ ಆಚೆ ಬಂಡೆಯೊಂದು ರಸ್ತೆಗೆ ಉರುಳಿ ಬಿತ್ತು. ದೂಳು ಇಳಿದ ಮೇಲೆ ನೋಡಿದರೆ ರಸ್ತೆಯೇ ಇರಲಿಲ್ಲ. ಬಸ್ಸನ್ನು ಹಿಂದಕ್ಕೆ ತೆಗೆದುಕೊಂಡು ಹೋದರು. ಆ ವಾರವೇ ಅವರಿಗೆ ಬೇರೆ ದಾರಿಯ ಬಸ್ಸು ಕೊಟ್ಟರು. ಕೂಗಿದವರ ಮುಖ ಕಾಣಲೇ ಇಲ್ಲ.

"ತೊ ಆವಾಜ್ ಮೀ ಮರೇಪರ್ಯಂತ ವಿಸರಣಾರ ನಾಹಿ," ಎಂದರು ಕೊನೆಗೆ. ಸಾಯುವ ತನಕ ಆ ದನಿ ಮರೆಯೋದಿಲ್ಲ. ಪಕ್ಕದಲ್ಲಿ ನಿಂತಿದ್ದ ಮಗಳು ಅಪ್ಪನ ಭುಜದ ಮೇಲೆ ಕೈ ಇಟ್ಟಳು. ಅವಳು ಅಂದು ತಾಯಿಯ ಹೊಟ್ಟೆಯಲ್ಲಿದ್ದವಳು. ಈಗ ಅವಳ ತಲೆಯಲ್ಲೂ ಅಲ್ಲಲ್ಲಿ ಬಿಳಿಕೂದಲು ಕಾಣಿಸಿಕೊಂಡಿತ್ತು.

ಅದಾಗಿ ಕೆಲವು ತಿಂಗಳು ಕಳೆದಿದ್ದವು. ಬೇಸಿಗೆಯ ಒಂದು ಬೆಳಿಗ್ಗೆ ಗುಡ್ಡದಾಚೆಯ ವಾಕಡ ಬಡಾವಣೆಯಿಂದ ಒಬ್ಬ ತರುಣಿ ತನ್ನ ಗಂಡನ ಅಜ್ಜಿಯನ್ನು ಕರೆದುಕೊಂಡು ಬಂದಳು. ಅಜ್ಜಿಗೆ ಕನ್ನಡ ಬಿಟ್ಟರೆ ಮುರುಕು ಮರಾಠಿ. ಕನ್ನಡ ಬಲ್ಲ ಕಿವಿ ಡಾಕ್ಟರಮ್ಮ ಇದ್ದಾಳೆ ಎಂದು ಯಾರೋ ಹೇಳಿದ್ದರಂತೆ.

"ಟಿವಿ ಭಾಳ ಜೋರ್ ಇಡ್ತಾರ್ರಿ ಮೇಡಮ್. ಬಾಜೂ ಫ್ಲಾಟಿನವರು ಬಂದು ಬೆಲ್ ಒತ್ತತಾರ," ಎಂದಳು ಹುಡುಗಿ.

"ನನಗ ಕೇಳಸ್ತದ," ಎಂದಳು ಅಜ್ಜಿ ಇಡೀ ಮಾಳಿಗೆಗೆ ಕೇಳುವ ಹಾಗೆ. "ಈಗಿನ ಮಂದಿ ದನಿ ಸಣ್ಣ ಮಾಡ್ಯಾರ. ಅದಕ್ಕ ನಾ ಏನ್ ಮಾಡ್ಲಿ?"

ಸಣ್ಣ ಮೈಕಟ್ಟು. ಮೊಳಕೈವರೆಗೆ ಹಸಿರು ಹಚ್ಚೆ. ಕೂತರೂ ಬೆನ್ನು ನೆಟ್ಟಗೆ. ಸ್ಪಂಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಶುರುಮಾಡಿದೆ. ಹಳೆಯ ಊರಿನವರ ಗೆರೆ ಕುಸಿಯುತ್ತಿದ್ದ ಆ ಜಾಗಕ್ಕೆ ಬಂದಾಗ ಸ್ವರ ಎಷ್ಟು ಏರಿಸಿದರೂ ಅವಳ ಕೈ ಮೇಲೇಳಲಿಲ್ಲ. ಆ ಬಗೆಯ ಕಿವುಡನ್ನು ನಾನು ಈ ಕಣಿವೆಯವರಲ್ಲಿ ಮಾತ್ರ ಕಂಡಿದ್ದೆ.

ಕೋಣೆಯ ಬಾಗಿಲು ತೆರೆದು ಕೇಳಿದೆ. "ಅಜ್ಜಿ, ನೀವು ಕ್ವಾರಿಯೊಳಗ ಕೆಲಸಾ ಮಾಡೀರೇನ್ರಿ?"

"ಮಾಡೀನವ್ವಾ. ಇಲ್ಲೇ ಎಲ್ಲೋ ಇತ್ತದು. ಕಾರಿನ್ಯಾಗ ಬರೂಮುಂದ ಹುಡುಕಿದೆ, ಗುರ್ತ ಹತ್ತಲಿಲ್ಲ."

"ಕಲ್ಲು ಒಡೀತಿದ್ರೇನ್ರಿ?"

"ಮದ್ಲ ಒಡದೆ. ಆಮ್ಯಾಲ ಕೂಗೂ ಕೆಲಸಾ ಕೊಟ್ರು."

ಪೆನ್ನು ಕೆಳಗಿಟ್ಟು ಕೇಳಿದೆ. "ಏನಂತ ಕೂಗತಿದ್ರಿ?"

ಅಜ್ಜಿ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮೊಮ್ಮಗನ ಹೆಂಡತಿಯ ಮುಖವನ್ನೊಮ್ಮೆ ನೋಡಿ, ಸ್ವಲ್ಪ ನಾಚಿಕೊಂಡು, ಮಗುವಿಗೆ ಜೋಗುಳ ಹೇಳುವಷ್ಟು ಮೆಲ್ಲಗೆ, "ಸುರುಂಗ ಹೋ..." ಎಂದಳು. ಸದ್ದನ್ನೆಲ್ಲ ನುಂಗುವುದಕ್ಕೆಂದೇ ಕಟ್ಟಿದ ಕೋಣೆ ಅದು. ಆದರೂ ಆ "ಹೋ" ನನ್ನ ಮೈಯೊಳಗೆ ಇಳಿದು ಬಹಳ ಹೊತ್ತು ಹಾಗೆಯೇ ಇತ್ತು.

ಅವಳು ಬಾಗಲಕೋಟೆಯ ಆಚೆಯ ಹಳ್ಳಿಯವಳು. ಗಂಡನ ಜೊತೆ ಕಲ್ಲಿನ ಕೆಲಸಕ್ಕೆ ಬಂದವಳು. ಒಂದು ದಿನ ಗುಡಿಸಲ ಮುಂದೆ ನಿಂತು, ಕೆಳಗೆ ಕ್ವಾರಿಯಲ್ಲಿದ್ದ ಗಂಡನನ್ನು ಊಟಕ್ಕೆ ಕರೆದಳಂತೆ. ಅವಳ ಗಂಡನೊಬ್ಬನೇ ಅಲ್ಲ, ಆಚೆ ಗುಡ್ಡದಲ್ಲಿ ಹುಲ್ಲು ಕೊಯ್ಯುತ್ತಿದ್ದವರೂ ತಲೆ ಎತ್ತಿ ನೋಡಿದರಂತೆ. ಕೆಲಸದವರ ಮೇಲ್ವಿಚಾರಕನಾಗಿದ್ದ ಮುಕಾದಮನಿಗೆ ಅಲ್ಲಿಯವರೆಗೆ ಎಚ್ಚರಿಕೆ ಕೊಡುವುದು ಹೇಗೆಂಬುದೇ ಚಿಂತೆ. ಕಣಿವೆಯ ಗಾಳಿಗೆ ಸೀಟಿಯ ಸದ್ದು ಹಾರಿ ಹೋಗುತ್ತಿತ್ತು. ತಗಡು ಬಡಿದರೆ ಕೆಲಸದ ಸದ್ದೋ ಎಚ್ಚರಿಕೆಯೋ ಗೊತ್ತಾಗುತ್ತಿರಲಿಲ್ಲ. ಮರುದಿನವೇ ಅವಳ ಕೈಯಿಂದ ಸುತ್ತಿಗೆ ತೆಗೆದುಕೊಂಡು ನೆತ್ತಿಯ ಮೇಲೆ ನಿಲ್ಲಿಸಿದ.

"ಬರೇ ಕೂಗೂದಲ್ಲ ತಂಗಿ," ಎಂದಳು. "ಕೂಗಿ ನಿಂದರಬೇಕು. ಆಚಿ ಗುಡ್ಡ ತಿರಿಗಿ ಕೂಗತದ. ಅದು ಕೂಗಿತಂದ್ರ ನನ್ನ ದನಿ ಎಲ್ಲಾರಿಗೂ ಮುಟ್ಟೇತಿ ಅಂತ. ಆವಾಗ ನಾ ಕೈ ಎತ್ತತಿದ್ದೆ. ಕೈ ಎತ್ತಿದ ಮ್ಯಾಲ ಅವರು ಬತ್ತಿ ಹಚ್ಚತಿದ್ರು."

ನಾನು ಬಸ್ಸಿನ ಮಾತು ಎತ್ತಲಿಲ್ಲ. ಅವಳೇ ಎತ್ತಿದಳು.

"ಒಂದಿನಾ ಕೂಗಿದ್ದು ಆಗಿತ್ತು, ಗುಡ್ಡ ತಿರಿಗಿ ಕೂಗಿದ್ದೂ ಆಗಿತ್ತು. ಕೈ ಎತ್ತಿದೆ. ಬತ್ತಿ ಹಚ್ಚಿದ್ರು. ಹಚ್ಚಿದ ಬತ್ತಿ ಆರಸಾಕ ಬರೂದಿಲ್ಲ. ನೋಡ್ತೀನಿ, ತಿರುವಿನ ಈಚಿ ಧೂಳು ಏಳಾಕತ್ತೇತಿ. ಬಸ್ಸು! ಆಗ ಏನ್ ಕೂಗಿದೆನೋ ನನಗ ನೆಪ್ಪಿಲ್ಲವ್ವಾ. ಗಂಟಲಾಗ ರಕ್ತದ ರುಚಿ ಬಂತು. ಆಮ್ಯಾಲ ಸುರುಂಗ ಹಾರ್ತು. ಧೂಳು ಕುಂತ ಮ್ಯಾಲ ಬಸ್ಸಿನ ಮ್ಯಾಲಿನ ಟಪ್ಪು ಕಂಡ್ತು, ಕೆಂಪಗ, ಇಡೀದು. ಅಲ್ಲೇ ಕುಂತಬಿಟ್ಟೆ."

"ಆ ಬಸ್ಸಿನ ಡ್ರೈವರ್ ಅದಾರ್ರಿ ಅಜ್ಜಿ. ಇದ ಊರಾಗ ಅದಾರ."

ಅಜ್ಜಿಗೆ ಕೇಳಿಸಲಿಲ್ಲವೆಂದು ತಿಳಿದು ಮತ್ತೊಮ್ಮೆ ಜೋರಾಗಿ ಹೇಳಿದೆ. ಕೇಳಿಸಿತ್ತು. ಅವಳು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

"ಬಸ್ಸಿನ್ಯಾಗ ಮಂದಿ ಭಾಳ ಇದ್ರೇನು?" ಎಂದು ಕೇಳಿದಳು.

"ತುಂಬಿತ್ತಂತ್ರಿ."

ಅವಳು ತಲೆ ತಗ್ಗಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕ್ವಾರಿ ನಿಂತ ಮೇಲೆ ಅವಳು ಎಲ್ಲೂ ದೂರ ಹೋಗಿರಲಿಲ್ಲ. ವಾಕಡದಲ್ಲಿ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಮಗನನ್ನು ಬೆಳೆಸಿ, ಅಲ್ಲಿಯೇ ಉಳಿದುಕೊಂಡಿದ್ದಳು. ಕಣಿವೆ ಯಾರನ್ನು ದೇವಿ ಎಂದು ಕೈ ಮುಗಿಯುತ್ತಿತ್ತೋ ಅವಳು ಒಂದು ಗುಡ್ಡದಾಚೆ ಇಷ್ಟು ಕಾಲ ರೊಟ್ಟಿ ಬಡಿಯುತ್ತ, ಟಿವಿ ನೋಡುತ್ತ ಇದ್ದಳು.

ಸುದ್ದಿ ಕೇಳಿದ ಹೋಟೆಲಿನ ಮಾಲೀಕರು ಮೊದಲು ನಂಬಲಿಲ್ಲ. ಆಮೇಲೆ ಕೂತಲ್ಲಿ ಕೂರಲಿಲ್ಲ. "ಆ ಹೊಂಡದ ಹತ್ರವೇ ಕರೆಸ್ಬೇಕು ಮೇಡಮ್. ಮಹಡಿಯ ಹಾಲ್‌ನಲ್ಲಿ ಕೂತು ಕೇಳುವ ದನಿ ಅಲ್ಲ ಅದು," ಎಂದರು. ಹೊಂಡ ಈಗ ಒಂದು ಹೌಸಿಂಗ್ ಸೊಸೈಟಿಯ ಜಾಗ. ಸೆಕ್ರೆಟರಿ, ಯಾರಾದರೂ ಬಿದ್ದರೆ ಗತಿ ಏನು ಎಂದು ತಲೆ ಅಲ್ಲಾಡಿಸಿದರು. ಮಾಲೀಕರು ದಿನಾ ಹೋಗಿ ಅವರ ಮನೆಯ ಸೋಫಾದಲ್ಲಿ ಕೂತು, ಕೊನೆಗೆ ಒಪ್ಪಿಸಿ ಬಂದರು. ಈ ನಡುವೆ ನಾನು ಅಜ್ಜಿಗೆ ಶ್ರವಣಯಂತ್ರ ಹಾಕಿ ಹೊಂದಿಸಿದೆ. ಮೊದಲ ದಿನ ಅವಳು ತನ್ನ ಬಳೆಯ ಸದ್ದಿಗೆ ತಾನೇ ಬೆಚ್ಚಿ ಬಿದ್ದಳು.

ಮೊದಲ ಮಳೆ ಬಿದ್ದ ಮೇಲಿನ ಭಾನುವಾರ, ಬೆಳಗಿನ ಹೊತ್ತು. ತಗಡಿನ ಬೇಲಿಯ ಬಾಗಿಲು ತೆರೆದು ಒಳಗೆ ಹೋದೆವು. ಆ ಹೊಂಡವನ್ನು ನಾನು ಅಂದೇ ಮೊದಲು ನೋಡಿದ್ದು. ಕಪ್ಪು ಕಲ್ಲಿನ ಗೋಡೆಗಳು ನೆಟ್ಟಗೆ ಇಳಿದು, ತಳದಲ್ಲಿ ಹಸಿರು ನೀರು ನಿಂತಿತ್ತು. ಗೋಡೆಯ ಮೈತುಂಬ ಕೈಯಿಂದ ಕೊರೆದ ತೂತುಗಳ ಸಾಲು ಸಾಲು ಗುರುತು. ಪುಣೆಯ ಎಷ್ಟು ಮನೆಗಳ ಪಾಯದ ಕಲ್ಲು ಈ ಖಾಲಿ ಜಾಗದಿಂದ ಹೋಗಿದೆಯೋ ಎಂದುಕೊಂಡು ಅಂಚಿನಲ್ಲೇ ನಿಂತುಬಿಟ್ಟೆ. ಹಳೆಯ ಊರಿನವರು ಬಂದಿದ್ದರು. ಟವರಿನವರು ಕೆಲವರು ಚಹಾದ ಲೋಟ ಹಿಡಿದೇ ಕೆಳಗಿಳಿದಿದ್ದರು. ಡ್ರೈವರ್ ಮಗಳ ಜೊತೆ ಬಂದು ನನ್ನ ಪಕ್ಕದಲ್ಲಿ ನಿಂತರು. ಅಜ್ಜಿಯನ್ನು ಅವರಿಗೆ ಇನ್ನೂ ತೋರಿಸಿರಲಿಲ್ಲ. ಹೊಂಡದ ಆಚೆ ಮಗ್ಗುಲಿನ ದಿಬ್ಬದ ಮೇಲೆ ಅವಳು, ಮೊಮ್ಮಗ ಮತ್ತು ಅವನ ಹೆಂಡತಿಯ ನಡುವೆ ಇದ್ದಳು.

ಅಜ್ಜಿ ಚಪ್ಪಲಿ ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊಮ್ಮಗನಿಗೆ ಪಕ್ಕಕ್ಕೆ ಸರಿ ಎಂದು ಕೈ ಮಾಡಿ, ಕಾಲು ಅಗಲಿಸಿ ನಿಂತಳು. ಒಂದು ಅಂಗೈಯನ್ನು ಬಾಯಿಯ ಮಗ್ಗುಲಿಗೆ ತಂದಳು.

"ಸುರುಂಗ ಹೋ..."

ಅದನ್ನು ಹೇಗೆ ಹೇಳಲಿ? ಕಿರುಚಾಟ ಅಲ್ಲ ಅದು. ಗಂಟಲು ಹರಿಯುವ ಆರ್ಭಟವೂ ಅಲ್ಲ. ಕೆಳಗಿನಿಂದ ಎದ್ದು, ಅಗಲವಾಗಿ ಹರಡಿ, ಮುಗಿಯಿತು ಎಂದುಕೊಂಡ ಮೇಲೂ ಮುಂದೆ ಹೋಗುತ್ತಲೇ ಇದ್ದ ದನಿ. ದಿನವಿಡೀ ಸದ್ದನ್ನೇ ಅಳೆಯುವ ನನಗೆ ಆ ಹೊತ್ತಿನಲ್ಲಿ ಅಳತೆಯ ನೆನಪೇ ಬರಲಿಲ್ಲ. ನೀರಿನ ಮೇಲಿದ್ದ ಬಕಗಳೆಲ್ಲ ಒಮ್ಮೆಲೇ ಎದ್ದವು. ಟವರುಗಳಲ್ಲಿ ಒಂದಾದ ಮೇಲೊಂದು ಬಾಲ್ಕನಿಯ ಬಾಗಿಲು ತೆರೆದು ಜನ ಹೊರಬಂದರು.

ನನ್ನ ಪಕ್ಕದಲ್ಲಿ ಏನೋ ಸರಿದಂತಾಗಿ ನೋಡಿದೆ. ಡ್ರೈವರರ ಬಲಗಾಲು ಮುಂದಕ್ಕೆ ಹೋಗಿ ನೆಲವನ್ನು ಬಲವಾಗಿ ಒತ್ತಿತ್ತು. ಮೈ ಹಿಂದಕ್ಕೆ ವಾಲಿತ್ತು. ಎರಡೂ ಕೈ ಕೋಲನ್ನು ಸ್ಟೀರಿಂಗಿನಂತೆ ಬಿಗಿಹಿಡಿದಿದ್ದವು. ಅವರು ಬ್ರೇಕ್ ಒತ್ತುತ್ತಿದ್ದರು. ಅದು ಅವರಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಮಗಳು "ಬಾಬಾ" ಎಂದು ತೋಳು ಹಿಡಿದಾಗ ತಮ್ಮ ಕಾಲನ್ನು ತಾವೇ ನೋಡಿಕೊಂಡರು. "ತೀಚ್," ಎಂದರು. ಅವಳೇ. ಮತ್ತೆ ಅದನ್ನೇ ಹೇಳಿದರು.

ಅಷ್ಟರಲ್ಲಿ ಅಜ್ಜಿಯ ದನಿ ಮರಳಿ ಬಂತು. ಎದುರು ಗುಡ್ಡವನ್ನು ಈಗ ಟವರುಗಳು ಮುಚ್ಚಿವೆ. ಕೂಗು ಆ ಗೋಡೆಗಳಿಗೆ ಬಡಿದು, ಬೇಗನೆ, ಒಂದರ ಹಿಂದೊಂದು ತುಂಡುಗಳಾಗಿ ತಿರುಗಿ ಬಂತು. ಅಜ್ಜಿ ಎರಡೂ ಕಿವಿಗಳ ಹಿಂದೆ ಅಂಗೈ ಹಿಡಿದು ಆಲಿಸುತ್ತ ನಿಂತಿದ್ದಳು. ನಾನು ಹೊಂಡವನ್ನು ಸುತ್ತುಹಾಕಿ ಅವಳ ಹತ್ತಿರ ಹೋದಾಗ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಕೇಳ್ತೇನ ತಂಗಿ? ತಿರಿಗಿ ಕೂಗ್ತು! ಭಾಳ ವರ್ಷ ಆಗಿತ್ತು ನನಗ ಅದು ಕೇಳಿಸಿ. ಗುಡ್ಡ ಸಮೀಪ ಬಂದಾವ ನೋಡು!"

ಡ್ರೈವರ್ ಮಗಳ ತೋಳು ಹಿಡಿದು ಮೆಲ್ಲಗೆ ಹೊಂಡವನ್ನು ಸುತ್ತಿದರು. ಬಂದು ಅಜ್ಜಿಯ ಎದುರು ನಿಂತು ಕೈ ಮುಗಿದರು. ಮಗಳನ್ನು ಮುಂದೆ ಮಾಡಿದರು.

"ಇವರ ಮಗಳ್ರಿ," ಎಂದು ನಾನು ಅಜ್ಜಿಗೆ ಹೇಳಿದೆ. "ಆ ದಿನಾ ಇವರ ಹೆಂಡ್ತಿ ಬಸ್ಸಿನ್ಯಾಗ ಮುಂದ ಕುಂತಿದ್ರು. ಇಕಿ ಹೊಟ್ಟ್ಯಾಗಿದ್ಲು."

ಅಜ್ಜಿ ಆ ಹೆಂಗಸಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಕೆನ್ನೆ, ಹಣೆ, ಕಿವಿಯ ಓಲೆ, ಒಂದೊಂದನ್ನೂ ಮುಟ್ಟಿದಳು. ಆಮೇಲೆ ಕೈಗಳನ್ನು ತನ್ನ ಹಣೆಗೆ ತಂದು ಲಟಲಟನೆ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಭಾಷೆ ಗೊತ್ತಿಲ್ಲದ ಮಗಳು ಬಾಗಿ ಅವಳ ಪಾದ ಮುಟ್ಟಿದಳು. "ಮಕ್ಕಳೆಷ್ಟು ನಿನಗ?" ಎಂದು ಅಜ್ಜಿ ಕನ್ನಡದಲ್ಲೇ ಕೇಳಿದಳು. ಮಗಳು ನನ್ನ ಕಡೆ ನೋಡದೆಯೇ, ಅರ್ಥವಾದವಳಂತೆ ಎರಡು ಬೆರಳು ತೋರಿಸಿದಳು.

ಹೋಟೆಲಿನ ಮಾಲೀಕರು ಆಚೆ ತಿರುಗಿ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಆಮೇಲೆ ನಡೆದದ್ದು ನಾವಾರೂ ಯೋಚಿಸಿ ಮಾಡಿದ್ದಲ್ಲ. ಅಂದು ಚಹಾದ ಲೋಟ ಹಿಡಿದು ನಿಂತಿದ್ದ ಟವರಿನ ಹೆಂಗಸರಲ್ಲಿ ಒಬ್ಬಳು ಮರುವಾರ ಕ್ಲಿನಿಕ್ಕಿಗೆ ಬಂದು, ಆ ಕೂಗು ಕಲಿಸಿಕೊಡಲು ಅಜ್ಜಿ ಒಪ್ಪುವಳೇ ಎಂದು ಕೇಳಿದಳು. ಅಜ್ಜಿ ಮೊದಲು ನಕ್ಕಳು. "ಈಗ ಸುರುಂಗ ಎಲ್ಲದಾವು? ಯಾರಿಗೆ ಕೂಗ್ತಾರವರು?" ಎಂದಳು. ಆದರೆ ಭಾನುವಾರ ಮೊಮ್ಮಗನ ಸ್ಕೂಟರಿನ ಹಿಂದೆ ಕೂತು ಬಂದೇ ಬಂದಳು. ಸೆಕ್ರೆಟರಿ ಹೊಂಡದ ಸುತ್ತ ಗಟ್ಟಿ ಕಂಬಿ ಹಾಕಿಸಿದರು. ಹೊಂಡ ಮುಚ್ಚಿ ಪಾರ್ಕಿಂಗ್ ಮಾಡುವ ಮಾತು ಸೊಸೈಟಿಯಲ್ಲಿ ಈಗಲೂ ಆಗಾಗ ಏಳುತ್ತದೆ, ಏನಾಗುವುದೋ ಹೇಳಲಾರೆ. ಸದ್ಯಕ್ಕಂತೂ ಭಾನುವಾರ ಬೆಳಿಗ್ಗೆ ಒಂದಷ್ಟು ಹೆಂಗಸರು ಅಲ್ಲಿ ಸೇರುತ್ತಾರೆ. ಡ್ರೈವರರ ಮಗಳೂ ಬರುತ್ತಾಳೆ. ಅಜ್ಜಿ ಒಬ್ಬೊಬ್ಬರ ಹೊಟ್ಟೆಯ ಮೇಲೆ ಕೈ ಇಟ್ಟು, "ಗಂಟಲಿಂದಲ್ಲ, ಇಲ್ಲಿಂದ," ಎನ್ನುತ್ತಾಳೆ. ನಾನು ಪಕ್ಕದಲ್ಲಿ ನಿಂತು ಅದನ್ನು ಮರಾಠಿಗೆ ತಿರುಗಿಸುತ್ತೇನೆ.

ಹೋದ ವಾರ ಡ್ರೈವರರ ಮಗಳ ಕೂಗು ಮೊದಲ ಸಲ ನೀರು ದಾಟಿ ಆಚೆ ಗೋಡೆಗೆ ಮುಟ್ಟಿ ತಿರುಗಿ ಬಂತು. ಅವಳು ಬೆರಗಾಗಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಕೈ ಎತ್ತಿದಳು.